ಹಗರಣ ಬಯಲಾದರೂ ಜನ ಬೆಚ್ಚುವುದಿಲ್ಲವೇಕೆ?

ಎಂಥ ಹಗರಣ ಹೊರಬಿದ್ದರೂ ಎರಡು ದಿನ ಮಾತಾಡಿ ಮರೆಯುವಷ್ಟು ನಮ್ಮ ಸಮಾಜ ಮರಗಟ್ಟಿದ್ದೇಕೆ, ಇದಕ್ಕೆ ಸುದ್ದಿವಾಹಿನಿಗಳ ಅಬ್ಬರವೇ ಕಾರಣವೇ ಎಂದು ಕೇಳಿದ್ದೀರಿ. ವಾಹಿನಿಗಳ ಪಾಲು ಇಲ್ಲವೆನ್ನಲಾರೆ. ಆದರೆ ಮಂಡ್ಯದಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಕಾಣುವುದೇ ಬೇರೆ. ಎದುರು ಪಕ್ಷದವರ, ಬೇರೆ ಜಾತಿಯವರ, ಪಕ್ಕದೂರಿನವರ ತಪ್ಪಿಗೆ ನಮಗೆ ಸಿಟ್ಟು ಈಗಲೂ ಧಾರಾಳವಾಗಿ ಬರುತ್ತದೆ; ತಪ್ಪಿಹೋಗಿರುವುದು ನಮ್ಮವರನ್ನು ಕೇಳುವ ಅಭ್ಯಾಸ.

1957ರ ಡಿಸೆಂಬರ್‌ನಲ್ಲಿ, ಜೀವ ವಿಮಾ ನಿಗಮದ ಸುಮಾರು 1.24 ಕೋಟಿ ರೂಪಾಯಿ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರಿಗೆ ಹೋದ ವಿಚಾರವನ್ನು ಲೋಕಸಭೆಯಲ್ಲಿ ಎತ್ತಿದವರು ಫಿರೋಜ್ ಗಾಂಧಿ. ಅವರು ಆಳುವ ಪಕ್ಷದ ಸದಸ್ಯರೂ ಹೌದು, ಪ್ರಧಾನಿಯ ಅಳಿಯನೂ ಹೌದು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಜನರೆದುರಿಗೇ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. (ಕೆಲವೇ ವರ್ಷಗಳಲ್ಲಿ ಅವರು ಮತ್ತೆ ಸಂಪುಟ ಸೇರಿದರು, ಆದ್ದರಿಂದ ಅದನ್ನು ಸತ್ಯಯುಗವೆಂದು ಹೊಗಳಲು ನಾನು ಸಿದ್ಧನಿಲ್ಲ.) 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಗಣಿ ವರದಿ ರಾಜ್ಯಕ್ಕಾದ ನಷ್ಟವನ್ನು 16 ಸಾವಿರ ಕೋಟಿ ರೂಪಾಯಿಗೂ ಮೇಲೆಂದು ಅಂದಾಜಿಸಿದಾಗ ಮುಖ್ಯಮಂತ್ರಿಯೇನೋ ಕುರ್ಚಿ ಬಿಟ್ಟರು. ಆದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ವರದಿಯೊಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. "ಬೇರೆಯವರೇನು ಸಾಚಾಗಳೇ" ಎಂಬ ಒಂದೇ ಮಾತಿಗೆ ಚರ್ಚೆ ಮುಗಿದಿತ್ತು.

ಇವೆಲ್ಲ ದೊಡ್ಡವರ ವಿಷಯ. ನಮ್ಮ ಜಿಲ್ಲೆಯದೇ ಒಂದನ್ನು ಹೇಳುತ್ತೇನೆ. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಹೆಣ್ಣು ಭ್ರೂಣಹತ್ಯೆಯ ಜಾಲವೊಂದನ್ನು ಬಯಲಿಗೆಳೆದರು. ಗರ್ಭಿಣಿಯರಿಗೆ ಸ್ಕ್ಯಾನ್ ಮಾಡುತ್ತಿದ್ದುದು ಮಂಡ್ಯದ ಒಂದು ಆಲೆಮನೆಯಲ್ಲಿ, ಗರ್ಭ ತೆಗೆಯುತ್ತಿದ್ದುದು ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಎಂಬುದು ತನಿಖೆಯವರ ಹೇಳಿಕೆ. ಆಲೆಮನೆ ಎಂದರೆ ದಾರಿಹೋಕರೂ ಒಳಹೊಕ್ಕು ಒಂದು ಲೋಟ ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲದ ತುಣುಕೊಂದನ್ನು ಬಾಯಿಗೆ ಹಾಕಿಕೊಂಡು ಹೋಗುವ ಜಾಗ. ಕೊಪ್ಪರಿಗೆಯ ವಾಸನೆ ನಾಲ್ಕು ಗದ್ದೆಯಾಚೆಗೂ ಬರುತ್ತದೆ. ಅಲ್ಲಿಗೆ ಕಾರುಗಳಲ್ಲಿ ಬಸುರಿಯರು ಬಂದುಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲವೆಂದರೆ ನಾನಂತೂ ನಂಬಲಾರೆ. ಸುದ್ದಿ ಬಂದ ಬೆಳಿಗ್ಗೆ ಹೋಟೆಲಿನಲ್ಲಿ ಪತ್ರಿಕೆ ಮಡಿಚಿಟ್ಟ ಪರಿಚಿತರೊಬ್ಬರು, "ಅದೇನ್ ಹೊಸದಾ ಬುಡಿ ಸಾ" ಎಂದು ಕಾಫಿಗೆ ಹೇಳಿದರು. 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಂಥದೇ ಪ್ರಕರಣ ಪತ್ತೆಯಾದಾಗ ಅಷ್ಟು ಮಾತೂ ಹುಟ್ಟಲಿಲ್ಲ.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯಲ್ಲಿ ನಾವು ಗಮನಿಸದ ಒಂದು ಅಂಶವಿದೆ: ಬೇರೆಯದು ಸಾಬೀತಾಗುವವರೆಗೆ, ಹೆಂಗಸನ್ನು ಪರೀಕ್ಷೆಗೆ ಒತ್ತಾಯಿಸಿದವರು ಗಂಡ ಅಥವಾ ನೆಂಟರೇ ಎಂದು ನ್ಯಾಯಾಲಯ ಭಾವಿಸಬೇಕು. ಎಂದರೆ ವೈದ್ಯರೊಂದಿಗೆ ಕಾನೂನು ನಮ್ಮ ನಡುಮನೆಯತ್ತಲೂ ಬೆರಳು ತೋರಿಸುತ್ತದೆ. ನಮ್ಮ ಬೈಗುಳವಾದರೋ ಡಾಕ್ಟರು, ದಲ್ಲಾಳಿಗಳಲ್ಲಿಗೇ ನಿಲ್ಲುತ್ತದೆ. ಅದೇ 2023ರ ಫೆಬ್ರವರಿಯಲ್ಲಿ, ಮದುವೆಗೆ ಹೆಣ್ಣು ಸಿಗಲೆಂದು ನಮ್ಮ ಕಡೆಯ ಹುಡುಗರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ರಾಜ್ಯವೆಲ್ಲ ನಕ್ಕಿತು, ನಾವೂ ನಕ್ಕೆವು. ರೈತನಿಗೆ ಹೆಣ್ಣು ಕೊಡಲು ಒಲ್ಲದ ಕಾಲ ಎಂಬ ಕಾರಣ ಸುಳ್ಳಲ್ಲ, ಆದರೆ ಅದೊಂದನ್ನೇ ಹೇಳಿ ಸುಮ್ಮನಾದೆವು.

ನನ್ನನ್ನು ಈ ಲೆಕ್ಕದಿಂದ ಹೊರಗಿಟ್ಟುಕೊಳ್ಳಲಾರೆ. ಹಲವು ವರ್ಷಗಳ ಹಿಂದೆ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ನೆಂಟರೊಬ್ಬರು, ಎರಡು ಹೆಣ್ಣಾದ ಮೇಲೆ ಸೊಸೆ ಮತ್ತೆ ಬಸುರಿಯಾದದ್ದನ್ನು ಹೇಳುತ್ತ, "ಚೆಕ್ ಮಾಡಿಸಿದ್ವಿ, ತೆಗೆಸ್ಬುಟ್ವಿ" ಎಂದರು, ಹಲ್ಲು ಕೀಳಿಸಿದಷ್ಟು ಸಲೀಸಾಗಿ. ಎಲ್ಲಿ, ಯಾಕೆ ಎಂದು ಕೇಳಲು ನನಗೆ ದಾಕ್ಷಿಣ್ಯ ಅಡ್ಡಬಂತು. ಪಾಯಸ ಬಡಿಸುವವನು ಬಂದಿದ್ದ, ಎಲೆ ತೋರಿಸಿದೆ. ಎರಡು ವರ್ಷ ಕಳೆದು ಅವರ ಮನೆಯ ನಾಮಕರಣಕ್ಕೆ ಕರೆ ಬಂತು, ಗಂಡುಮಗು. ಹೋಗಿ, ಮುಯ್ಯಿ ಬರೆಸಿ, ಉಂಡು ಬಂದೆ.