ನೇಪಾಳದಲ್ಲಿ ಬಾಗಿದ ಸಜ್ಜಾ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕಳೆದ ಡಿಸೆಂಬರಿನಲ್ಲಿ ನಾವು ಹದಿನಾರು ಮಂದಿ ನೇಪಾಳದ ಒಂದು ಗುಡ್ಡದೂರಿಗೆ ಶಾಲೆ ಕಟ್ಟುವ ಶ್ರಮದಾನಕ್ಕೆ ಹೋಗಿದ್ದೆವು. ಬಾಗಿಲ ಮೇಲೆ ಗೋಡೆಯಿಂದ ಎರಡೂವರೆ ಅಡಿ ಹೊರಚಾಚುವ ಸಜ್ಜಾಗೆ ಕಾಂಕ್ರೀಟ್ ಹಾಕಿ ಏಳನೇ ದಿನ ಸೆಂಟ್ರಿಂಗ್ (ಅಚ್ಚಿನ ಹಲಗೆ, ಅದನ್ನು ಹೊತ್ತ ಜಾಕಿ ಕಂಬಗಳು) ಬಿಚ್ಚಿದೆವು. ಇನ್ನೂ ಬೇಡ ಎಂದು ಅಲ್ಲಿನ ಮೇಸ್ತ್ರಿ ತಡೆದರು, ಆದರೆ ನಮಗೆ ವಾಪಸ್ ಟಿಕೆಟ್ ಆಗಿತ್ತು. ಕೊನೆಯ ಜಾಕಿ ತೆಗೆದಾಗ ಸಜ್ಜಾ ಬಾಗಿ, ಗೋಡೆಯ ಅಂಚಿಗೆ ಮೇಲ್ಭಾಗದಲ್ಲಿ ಉದ್ದ ಬಿರುಕು ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಬೆಂಗಳೂರಿನಲ್ಲಿ ಏಳು ದಿನಕ್ಕೇ ಬಿಚ್ಚುತ್ತಾರಲ್ಲ? ಈ ವರ್ಷವೂ ಹೊರಟಿದ್ದೇವೆ, ಏನು ಮಾಡಬೇಕು?
– ವಿದ್ಯಾರ್ಥಿ, ವಿಜಯನಗರ

ಉತ್ತರ: ಮೊದಲು ಇವತ್ತೇ ಆ ಊರಿಗೆ ಫೋನ್ ಮಾಡಿ. ಸಜ್ಜಾದ ಕೆಳಗೆ ಮತ್ತೆ ಜಾಕಿ ಕೊಡಲಿ, ಮಕ್ಕಳು ಆ ಬಾಗಿಲು ಬಳಸದಂತೆ ಅಡ್ಡ ಕಟ್ಟಲಿ. ಬಿರುಕಿಗೆ ಸಿಮೆಂಟ್ ಹಾಲು ತುಂಬಿಸಿದರೆ ಬಿರುಕು ಮುಚ್ಚುತ್ತದೆ ಅಷ್ಟೆ, ಬಲ ಬರುವುದಿಲ್ಲ. ಎಂಜಿನಿಯರ್ ನೋಡಿದ ಮೇಲೆ ಬಹುಶಃ ಒಡೆದು ಹೊಸದಾಗಿ ಹಾಕಬೇಕಾಗುತ್ತದೆ.

ಈಗ ಏಳು ದಿನದ ವಿಚಾರ. ನಮ್ಮ ಕಾಂಕ್ರೀಟ್ ಸಂಹಿತೆ ಐಎಸ್ 456 ಏಳು ದಿನ ಹೇಳುವುದು ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರ್ ಒಳಗಿನ ಮೋಲ್ಡಿನ, ಅಂದರೆ ತಾರಸಿಯ, ಜಾಕಿಗಳಿಗೆ. ಅದೂ ಒಪಿಸಿ (ಸಾಧಾರಣ ಪೋರ್ಟ್‌ಲ್ಯಾಂಡ್) ಸಿಮೆಂಟ್ ಬಳಸಿ, ಹವೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ. ಬೆಂಗಳೂರಿನ ಜನವರಿ ರಾತ್ರಿಯೇ ಹೆಚ್ಚುಕಡಿಮೆ ಆ ಅಂಚಿನಲ್ಲಿರುತ್ತದೆ. ನೇಪಾಳದ ಗುಡ್ಡದ ಡಿಸೆಂಬರಿಗೆ ಈ ಲೆಕ್ಕ ಒಪ್ಪುವುದೇ ಇಲ್ಲ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವ ವಸ್ತುವಲ್ಲ. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುತ್ತದೆ, ಚಳಿಯಲ್ಲಿ ಆ ಕ್ರಿಯೆ ನಿಧಾನ. ಒಂದು ಸರಳ ಅಂದಾಜಿದೆ: ಹಗಲುರಾತ್ರಿಯ ಸರಾಸರಿ ಉಷ್ಣತೆಗೆ 10 ಕೂಡಿಸಿ ದಿನಗಳಿಂದ ಗುಣಿಸಿ. 25 ಡಿಗ್ರಿಯಲ್ಲಿ 7 ದಿನಕ್ಕೆ 245 ಬರುತ್ತದೆ. 5 ಡಿಗ್ರಿಯಲ್ಲಿ ದಿನಕ್ಕೆ ಬರೀ 15, ಅಷ್ಟೇ ಬಲಕ್ಕೆ 16 ದಿನ ಮೀರುತ್ತದೆ. ಒಂದೇ ಕಡೆ ಹಿಡಿತವಿರುವ ಸಜ್ಜಾಗೆ ಬೆಂಗಳೂರಿನಲ್ಲೇ 14 ದಿನ ಬಿಡುವುದು ಕ್ಷೇಮ. ಅಲ್ಲಿ ಅದು 33 ದಿನವಾಗುತ್ತದೆ. ಚೀಲದ ಮೇಲೆ ಪಿಪಿಸಿ (ನಿಧಾನವಾಗಿ ಬಲ ಬರುವ ಮಿಶ್ರ ಸಿಮೆಂಟ್) ಎಂದಿದ್ದರೆ ಇನ್ನೂ ಕಾಯಬೇಕು. ಮೇಸ್ತ್ರಿ ಸರಿಯಾಗಿಯೇ ಹೇಳಿದ್ದರು. ಜಾಕಿ ತೆಗೆಯುವ ತೀರ್ಮಾನ ಯಾವಾಗಲೂ ಅವರದೇ ಆಗಿರಲಿ.

ಆದರೆ ಬಿರುಕು ಬಿದ್ದ ಜಾಗ ನೋಡಿದರೆ ಅವಸರವೊಂದೇ ಕಾರಣ ಅನ್ನಿಸುವುದಿಲ್ಲ. ಹೊರಚಾಚಿದ ಸಜ್ಜಾ ತುದಿ ಬಾಗಿದಾಗ ಗೋಡೆಯ ಬಳಿ ಅದರ ಮೇಲ್ಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಸಾಲಾಗಿ ನಿಂತು ಬಾಂಡ್ಲಿ ಸಾಗಿಸುವ ಹೊಸಬರು ಕಂಬಿಯ ಮೇಲೆಯೇ ಕಾಲಿಡುತ್ತಾರೆ, ಜಾಲರಿ ಕೆಳಗೆ ಕುಸಿಯುತ್ತದೆ, ಮೇಲೆ ಕಾಂಕ್ರೀಟ್ ಬಿದ್ದರೆ ಯಾರಿಗೂ ಕಾಣದು. ನಾಲ್ಕಿಂಚು ದಪ್ಪದ ಸಜ್ಜಾದಲ್ಲಿ ಕಂಬಿ ಎರಡಿಂಚು ಇಳಿದರೆ ಬಲ ಸುಮಾರು ಮೂರನೇ ಒಂದು ಪಾಲಿಗೆ ಬರುತ್ತದೆ. ಶ್ರಮದಾನದ ಕೆಲಸಗಳಲ್ಲಿ ನಾವು ಅತಿ ಹೆಚ್ಚು ಹೆದರುವುದು ಈ ಒಂದು ತಪ್ಪಿಗೆ. ಎರಡಡಿಗೊಂದರಂತೆ ಜಾಲರಿಯನ್ನು ಎತ್ತಿ ಹಿಡಿಯುವ 8 ಎಂಎಂ ಕಂಬಿಯ ಚೇರ್ ಕೊಡಿ, ಓಡಾಡಲು ಜಾಲರಿಗೆ ತಾಗದಂತೆ ಹಲಗೆ ಹಾಸಿ, ಕಾಂಕ್ರೀಟ್ ಸುರಿಯುವಾಗಲೂ ಒಬ್ಬರು ಟೇಪ್ ಹಿಡಿದು ಅಳೆಯುತ್ತಿರಲಿ. ಇನ್ನೊಂದನ್ನೂ ವಿಚಾರಿಸಿ: ಲಿಂಟಲ್ (ಬಾಗಿಲ ಮೇಲಿನ ಕಾಂಕ್ರೀಟ್ ತೊಲೆ) ಮೇಲಿನ ಗೋಡೆ ಆಗ ಎದ್ದಿತ್ತೇ? ಆ ಭಾರವೇ ಸಜ್ಜಾವನ್ನು ಹಿಂದಿನಿಂದ ಅದುಮಿ ಹಿಡಿಯುವುದು. ಗೋಡೆ ಏರುವ ಮೊದಲೇ ಜಾಕಿ ತೆಗೆದರೆ ಲಿಂಟಲ್ ಸಮೇತ ಮಗುಚಬಹುದು.

ಈ ವರ್ಷ ಕಾಂಕ್ರೀಟ್ ಕೆಲಸವನ್ನು ಮೊದಲ ಎರಡು ದಿನದಲ್ಲೇ ಮುಗಿಸಿ, ಜಾಕಿಗಳನ್ನು ಹಾಗೇ ಬಿಟ್ಟು ಬನ್ನಿ. ಅವುಗಳ ಬಾಡಿಗೆಯನ್ನೂ ಬಿಚ್ಚುವ ಕೂಲಿಯನ್ನೂ ಮೊದಲೇ ಬಜೆಟ್ಟಿನಲ್ಲಿ ಸೇರಿಸಿ. 1:1.5:3 ಮಿಶ್ರಣಕ್ಕೆ (ಸಿಮೆಂಟ್, ಮರಳು, ಜಲ್ಲಿ) 50 ಕೆಜಿ ಚೀಲಕ್ಕೆ ನೀರು 30 ಲೀಟರ್ ಮೀರದಿರಲಿ, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಬಿಸಿಲೇರಿದ ಮೇಲೆ ಶುರುಮಾಡಿ ಮಧ್ಯಾಹ್ನದೊಳಗೆ ಮುಗಿಸಿ, ಸಂಜೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹುಲ್ಲು, ಟಾರ್ಪಾಲ್ ಹೊದಿಸಿ. 5 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆಂದರೆ ಅಂದು ಬೇಡ. ಹಸಿ ಕಾಂಕ್ರೀಟಿನ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಹೋದ ಬಲ ಮತ್ತೆ ಬಾರದು. ಕಾಂಕ್ರೀಟನ್ನು ಒದ್ದೆಯಾಗಿಡುವ ಕ್ಯೂರಿಂಗ್ ನೀರೂ ಬೆಳಗ್ಗೆಯೇ ಇರಲಿ, ಸಂಜೆ ಬೇಡ. ಮುಂದೆ ಬಿಚ್ಚುವವರಿಗೆ ಬರೆದಿಟ್ಟು ಬನ್ನಿ: ಮೊದಲು ತುದಿಯ ಜಾಕಿ, ಆಮೇಲೆ ಗೋಡೆಯ ಕಡೆಯವು. ಕಾಲಿಂಚು ಸಡಿಲಿಸಿ, ನಿಂತು ನೋಡಿ, ಆಮೇಲೆ ಮುಂದುವರಿಯಲಿ.

ಪ್ರಶ್ನೆ: ಇಂಥದೇ ಶಿಬಿರದಲ್ಲಿ ನನ್ನ ಮಗಳು ಹಸಿ ಕಾಂಕ್ರೀಟಿನ ಮೇಲೆ ಮಂಡಿಯೂರಿ ನೆಲ ಮಟ್ಟ ಮಾಡಿದಳು. ಸಂಜೆ ಉರಿ, ಮರುದಿನ ಮಂಡಿ ಕಪ್ಪಾಗಿತ್ತು. ಊರಿಗೆ ಬಂದರೂ ವಾಸಿಯಾಗಿಲ್ಲ.
– ತಾಯಿ, ಮಲ್ಲೇಶ್ವರ

ಉತ್ತರ: ತಡಮಾಡದೆ ಸುಟ್ಟಗಾಯದ ವೈದ್ಯರಿಗೆ ತೋರಿಸಿ. ಕಪ್ಪಾದ ಚರ್ಮ ಆಳದ ಸುಟ್ಟಗಾಯದ ಗುರುತು. ಎಲೆಗೆ ಸುಣ್ಣ ಹೆಚ್ಚಾದರೆ ಬಾಯಿ ಬೇಯುವುದು ಗೊತ್ತಲ್ಲ, ಹಸಿ ಸಿಮೆಂಟಿನಲ್ಲೂ ಅದೇ ಕ್ಷಾರವಿದೆ. ಆದರೆ ಚರ್ಮದ ಮೇಲೆ ಮೊದಲ ಕೆಲವು ಗಂಟೆ ನೋವೇ ಇರುವುದಿಲ್ಲ, ಒದ್ದೆ ಜೀನ್ಸ್ ಅದನ್ನು ಅಂಟಿಸಿಟ್ಟಂತೆ ಹಿಡಿದಿಡುತ್ತದೆ. ತಾಗಿದ ಕೂಡಲೇ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಅರಿಸಿನ, ಟೂತ್‌ಪೇಸ್ಟ್, ನಿಂಬೆರಸ ಯಾವುದೂ ಬೇಡ. ಟಿಟಿ ಚುಚ್ಚುಮದ್ದು ಕೊನೆಯದಾಗಿ ಯಾವಾಗ ಆಗಿತ್ತೆಂದು ವೈದ್ಯರಿಗೆ ಹೇಳಿ. ಮುಂದೆ ಹೋಗುವವರು ಮಂಡಿಗೆ ಹಲಗೆ, ರಬ್ಬರ್ ಗ್ಲೌಸ್, ಗಮ್‌ಬೂಟ್ ಬಳಸಲಿ. ಪ್ಯಾಂಟ್ ಬೂಟಿನ ಹೊರಗಿರಲಿ, ಇಲ್ಲದಿದ್ದರೆ ಸಿಮೆಂಟ್ ಒಳಗೆ ಇಳಿದು ಕಾಲಿನ ಸುತ್ತ ನಿಲ್ಲುತ್ತದೆ.