ಟ್ರಂಕ್ ರೇಡಿಯೋಗೆ ಎರಡನೇ ಡಾಂಗಲ್ ಬೇಕೇ?

ಪ್ರಶ್ನೆ: ನಾನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಸಮೀಪ ಇದ್ದೇನೆ. ಅಗ್ನಿಶಾಮಕ ದಳದ ಸಂಭಾಷಣೆ ಕೇಳಲೆಂದು ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ ಗ್ರಾಹಕ) ಕೊಂಡೆ. ಒಂದು ಕಂಪನಾಂಕದಲ್ಲಿ ಸದಾ ಗರಗರ ಸದ್ದು ಬರುತ್ತದೆ. ಎಸ್‌ಡಿಆರ್‌ಟ್ರಂಕ್ ತಂತ್ರಾಂಶ ಹಾಕಿದರೂ ಮಾತು ತುಂಡುತುಂಡಾಗಿದೆ. ಇನ್ನೊಂದು ಡಾಂಗಲ್ ಕೊಳ್ಳಲೇ? ರಜೆಯಲ್ಲಿ ಮೈಸೂರಿಗೆ ತಂದು ಬಳಸಬಹುದೇ?

ಉತ್ತರ: ಆ ಗರಗರ ಸದ್ದು ದೋಷವಲ್ಲ, ಬಹುಮಟ್ಟಿಗೆ ಅದೇ ನಿಯಂತ್ರಣ ಚಾನೆಲ್. ಮಿಶಿಗನ್‌ನ ರಾಜ್ಯವ್ಯಾಪಿ ಸುರಕ್ಷತಾ ಜಾಲವು ಪಿ25 ಎಂಬ ಡಿಜಿಟಲ್ ಟ್ರಂಕಿಂಗ್ ಪದ್ಧತಿಯದು, ಅಂದರೆ ಕೆಲವೇ ಚಾನೆಲ್‌ಗಳನ್ನು ಎಲ್ಲ ಇಲಾಖೆಗಳೂ ಹಂಚಿಕೊಳ್ಳುವಂಥದು. ಇದರಲ್ಲಿ ಯಾವ ಇಲಾಖೆಗೂ ಸ್ವಂತ ಕಂಪನಾಂಕವಿರುವುದಿಲ್ಲ. ಸಿಬ್ಬಂದಿ ಗುಂಡಿ ಒತ್ತಿದೊಡನೆ ಅವರ ಟಾಕ್‌ಗ್ರೂಪ್ (ಒಟ್ಟಿಗೆ ಮಾತಾಡುವ ಬಳಗ) ಯಾವ ಚಾನೆಲ್‌ಗೆ ಹೋಗಬೇಕೆಂಬುದನ್ನು ನಿಯಂತ್ರಣ ಚಾನೆಲ್ ಸಾರುತ್ತದೆ, ಮಾತು ಮುಗಿದ ಮೇಲೆ ಆ ಚಾನೆಲ್ ಬೇರೆಯವರ ಪಾಲಾಗುತ್ತದೆ.

ಡಾಂಗಲ್ ಒಮ್ಮೆಗೆ ನೆಚ್ಚಿಕೊಳ್ಳುವಂತೆ ನೋಡಬಲ್ಲದ್ದು ಸುಮಾರು 2.4 ಮೆಗಾಹರ್ಟ್ಸ್ ಅಗಲವನ್ನು ಮಾತ್ರ, ಆದರೆ ಈ ಜಾಲದ 800 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಗೋಪುರಗಳ ಪ್ರಸಾರ 851ರಿಂದ 869ರವರೆಗೆ ಹರಡಿದೆ. ನಿಮ್ಮ ಸೈಟಿನ (ಹತ್ತಿರದ ಗೋಪುರ ಸಮೂಹದ) ಚಾನೆಲ್‌ಗಳು ಆ ಅಗಲದೊಳಗೆ ಕೂರದಿದ್ದರೆ ಎರಡನೆಯದು ಬೇಕಾಗುವುದು ನಿಜ. ಆದರೆ ಅಗಲದ ಆಚೆ ಬಿದ್ದ ಸಂಭಾಷಣೆ ಪೂರ್ತಿ ಕಾಣೆಯಾಗಬೇಕೇ ಹೊರತು ತುಂಡಾಗಿ ಕೇಳಿಸಬಾರದು. ಆದ್ದರಿಂದ ಸದ್ಯಕ್ಕೆ ಹಣ ಖರ್ಚು ಮಾಡಬೇಡಿ.

ಮೊದಲು ಪಿಪಿಎಂ (ಕಂಪನಾಂಕದ ತಪ್ಪು ದಶಲಕ್ಷಕ್ಕೆ ಎಷ್ಟು ಎಂಬ) ಸಂಖ್ಯೆಯನ್ನು ನೋಡಿ. ಮೂಲತಃ ಟಿವಿ ನೋಡಲು ತಯಾರಾದ ಈ ಸಾಧನದ ಅಗ್ಗದ ಮಾದರಿಗಳಲ್ಲಿ ಕಂಪನಾಂಕ ನಿಗದಿಪಡಿಸುವ ಹರಳು ನಿಖರವಾಗಿರುವುದಿಲ್ಲ. 851 ಮೆಗಾಹರ್ಟ್ಸ್‌ನಲ್ಲಿ 20 ಪಿಪಿಎಂ ತಪ್ಪೆಂದರೆ 17 ಕಿಲೋಹರ್ಟ್ಸ್, ಅಂದರೆ 12.5 ಕಿಲೋಹರ್ಟ್ಸ್‌ನ ಒಂದಿಡೀ ಚಾನೆಲ್‌ಗಿಂತ ಹೆಚ್ಚು. ಡಾಂಗಲ್ ಬಿಸಿಯಾದಂತೆ ಈ ತಪ್ಪು ಬದಲಾಗುವುದರಿಂದ ಸ್ವಲ್ಪ ಹೊತ್ತು ಓಡಿಸಿದ ನಂತರ ಸರಿಪಡಿಸಿ. ಟಿಸಿಎಕ್ಸ್ಓ (ತಾಪಮಾನ ಬದಲಾದರೂ ಸ್ಥಿರವಾಗಿರುವ ಹರಳು-ಆಂದೋಲಕ) ಇರುವ ಮಾದರಿಯಲ್ಲಿ ಈ ತಾಪತ್ರಯ ಬಹಳ ಕಡಿಮೆ.

ಅದರಿಂದಲೂ ಸರಿಹೋಗದಿದ್ದರೆ ನನ್ನ ಅನುಮಾನ ಸೈಮಲ್‌ಕಾಸ್ಟ್ ಮೇಲೆ. ಹಲವು ಗೋಪುರಗಳು ಒಂದೇ ಕಂಪನಾಂಕದಲ್ಲಿ ಒಂದೇ ಮಾತನ್ನು ಬಿತ್ತರಿಸುವಾಗ ಅವು ನಿಮ್ಮ ಆಂಟೆನಾಕ್ಕೆ ಅತಿಸೂಕ್ಷ್ಮ ಸಮಯದ ಅಂತರದಲ್ಲಿ ತಲುಪಿ ಒಂದನ್ನೊಂದು ಕೆಡಿಸುತ್ತವೆ. ಸಿಗ್ನಲ್ ಬಲವಾಗಿದ್ದೂ ಮಾತು ಒಡೆಯುವುದು ಇದರ ಗುರುತು. ತಂತ್ರಾಂಶದಲ್ಲಿ ಸಾಮಾನ್ಯ ಸಿ4ಎಫ್‌ಎಂ ಬದಲು ಸೈಮಲ್‌ಕಾಸ್ಟ್‌ಗೆಂದಿರುವ ಎಲ್‌ಎಸ್‌ಎಂ ಆಯ್ಕೆಮಾಡಿ, ಗೇನ್ (ಸಿಗ್ನಲ್ ವರ್ಧನೆ) ತಗ್ಗಿಸಿ, ಒಂದೇ ಗೋಪುರದತ್ತ ಯಾಗಿ ಆಂಟೆನಾ (ಒಂದೇ ದಿಕ್ಕಿನ ಸಿಗ್ನಲ್ ಹಿಡಿಯುವಂಥದ್ದು) ತಿರುಗಿಸಿ. ಇಲ್ಲಿ ಎತ್ತರದ ಆಂಟೆನಾ ಇನ್ನಷ್ಟು ಗೋಪುರಗಳನ್ನು ಹಿಡಿದು ಉಪಕಾರಕ್ಕಿಂತ ಅಪಕಾರವನ್ನೇ ಮಾಡೀತು.

ಗೂಢಲಿಪೀಕರಿಸಿದ ಟಾಕ್‌ಗ್ರೂಪ್‌ಗಳು ಮಾತ್ರ ಯಾವ ಡಾಂಗಲ್‌ಗೂ ದಕ್ಕವು. ಅಮೆರಿಕದ ಒಕ್ಕೂಟ ಕಾನೂನು ಮುಕ್ತವಾಗಿ ಲಭ್ಯವಿರುವ ಪೊಲೀಸ್, ಅಗ್ನಿಶಾಮಕ ಸಂಭಾಷಣೆ ಆಲಿಸಲು ಬಿಡುತ್ತದೆ, ಆದರೆ ಕೆಲವು ರಾಜ್ಯಗಳು ವಾಹನದಲ್ಲಿ ಸ್ಕ್ಯಾನರ್ ಬಳಕೆಯನ್ನು ನಿರ್ಬಂಧಿಸಿವೆ. ಮೈಸೂರಿನಲ್ಲಿ ಈ ಪ್ರಯೋಗ ಸರ್ವಥಾ ಬೇಡ: ಭಾರತದಲ್ಲಿ ಅನುಮತಿಯಿಲ್ಲದೆ ಇಂಥ ಸಂಭಾಷಣೆಗೆ ಕಿವಿಗೊಡುವುದು 2023ರ ದೂರಸಂಪರ್ಕ ಕಾಯ್ದೆಯಡಿ ಅಪರಾಧವಾಗುತ್ತದೆ, ರೇಡಿಯೋ ಉಪಕರಣ ಇಟ್ಟುಕೊಳ್ಳುವುದಕ್ಕೂ ಇಲ್ಲಿ ನಿಯಮಗಳಿವೆ. ಡಾಂಗಲನ್ನು ಮಿಶಿಗನ್‌ನಲ್ಲೇ ಬಿಟ್ಟು ಬನ್ನಿ.