ಪೆರ್ಗಮಾನ್ ನಗರದಲ್ಲಿ ವೈದ್ಯರಿಗೂ ದೇವರಿಗೂ ಜಗಳ ಇತ್ತಾ?

ಪ್ರಾಚೀನ ವೈದ್ಯ ಗೇಲೆನ್‌ನನ್ನು ವಿಜ್ಞಾನದ ಕಡೆ, ರೋಗ ವಾಸಿ ಮಾಡುವ ಗ್ರೀಕ್ ದೇವರು ಅಸ್ಕ್ಲೇಪಿಯಸ್‌ನ ಗುಡಿಯನ್ನು ಮೂಢನಂಬಿಕೆಯ ಕಡೆ ನಿಲ್ಲಿಸಿ ಎಂ.ಎ. ಪ್ರಬಂಧ ಬರೀಬಹುದಾ ಅಂತ ಕೇಳಿದ್ದೀರಿ. ಬೇಡ. ಅದನ್ನೇ ಮಾಡಿ ಪೆಟ್ಟು ತಿಂದವನು ನಾನು.

ಊರು ಒಂದೇ, ಈಗಿನ ಟರ್ಕಿಯ ಬೆರ್ಗಾಮಾ. ಕ್ರಿ.ಶ. 129ರಲ್ಲಿ ಅಲ್ಲೇ ಹುಟ್ಟಿ, ಗ್ಲಾಡಿಯೇಟರ್‌ಗಳ ಗಾಯ ಹೊಲಿದು, ಮುಂದೆ ರೋಮ್‌ನ ಅರಮನೆ ವೈದ್ಯನಾದ ಗೇಲೆನ್ ನನ್ನ ನಾಯಕ. ಕಾಯಿಲೆ ಹೊತ್ತು ಬಂದು ಸುಮಾರು ಎರಡು ವರ್ಷ ಗುಡಿಯಲ್ಲೇ ಬಿಡಾರ ಹೂಡಿದ, ಕನಸಲ್ಲಿ ದೇವರು ಹೇಳಿದ ಅಂತ ಚಳಿಗಾಲದಲ್ಲಿ ಹೊಳೆಗಿಳಿದ ವಾಗ್ಮಿ ಏಲಿಯಸ್ ಅರಿಸ್ಟೈಡೀಸ್ ಖಳನಾಯಕ.

ಎಡವಿದ್ದು ಎಲ್ಲಿ ಅಂದರೆ, ಗೇಲೆನ್‌ನ ಅಂಗರಚನೆ, ನಾಡಿ, ಪ್ರಾಣಿಗಳನ್ನು ಕೊಯ್ದು ನೋಡಿದ್ದು, ಇಷ್ಟನ್ನೇ ಓದಿದೆ. ದೇವರ ಹೆಸರು ಬಂದ ಸಾಲುಗಳನ್ನು ಆ ಕಾಲದ ಔಪಚಾರಿಕತೆ ಅಂತ ದಾಟಿದೆ. ಬರೀ ದಾಟಿದ್ದಲ್ಲ, ಟಿಪ್ಪಣಿಯಲ್ಲೂ ಬರೆದುಕೊಳ್ಳಲಿಲ್ಲ. ಹಾಗಾಗಿ ಕರಡು ತಿದ್ದುವಾಗಲೂ ಅವು ಕಣ್ಣಿಗೆ ಬೀಳಲಿಲ್ಲ. ವೈವಾದಲ್ಲಿ ಪರೀಕ್ಷಕರು ಒಂದೊಂದಾಗಿ ತೆಗೆದರು. ಗೇಲೆನ್‌ನ ಅಪ್ಪ, ವಾಸ್ತುಶಿಲ್ಪಿ ನೈಕಾನ್, ಮಗನನ್ನು ವೈದ್ಯಕ್ಕೆ ಹಚ್ಚಿದ್ದೇ ಕನಸು ಕಂಡು. ತನ್ನ ಕೀವುಗಡ್ಡೆ ವಾಸಿ ಮಾಡಿದ್ದು ಅಸ್ಕ್ಲೇಪಿಯಸ್, ತಾನು ಅವನ ಸೇವಕ ಅಂತ ಗೇಲೆನ್ನೇ ಬರೆದಿದ್ದಾನೆ. ರೋಮ್‌ನ ಚಕ್ರವರ್ತಿ ಮಾರ್ಕಸ್ ಆರೀಲಿಯಸ್ ಜರ್ಮನ್ ಯುದ್ಧಕ್ಕೆ ಕರೆದಾಗ ದೇವರು ಬೇಡ ಅಂದಿದ್ದಾನೆ ಅಂತ ತಪ್ಪಿಸಿಕೊಂಡ. (ಚಕ್ರವರ್ತಿಗೆ ಒಲ್ಲೆ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ನೆಪ ಯಾವುದಿದೆ?) ಕೊನೇ ಏಟು: ಅವನ ಗುರು ಸ್ಯಾಟಿರಸ್ ಊರಲ್ಲಿ ಇದ್ದದ್ದು ಅಸ್ಕ್ಲೇಪಿಯಸ್‌ಗೆ ಗುಡಿ ಕಟ್ಟಿಸುತ್ತಿದ್ದ ಶ್ರೀಮಂತ ರುಫಿನಸ್ ಜೊತೆಗೆ. ಅದು ನಾನು ಗೆರೆ ಎಳೆದು ಎಳೆದು ಓದಿದ್ದ ಅಂಗರಚನೆಯ ಪುಸ್ತಕದಲ್ಲೇ ಇತ್ತು! ಪ್ರಬಂಧ ವಾಪಸ್ ಬಂತು, ವರ್ಷ ಹೋಯಿತು, ಸಿಗಬೇಕಿದ್ದ ಫೆಲೋಶಿಪ್ಪೂ ಹೋಯಿತು.

ಅರಿಸ್ಟೈಡೀಸ್ ಕೂಡ ವೈದ್ಯರನ್ನು ಬಿಟ್ಟವನಲ್ಲ. ಬಿದ್ದ ಕನಸನ್ನು ವೈದ್ಯ ಥಿಯೊಡೋಟಸ್‌ಗೆ ಹೇಳಿ ಕೇಳುತ್ತಿದ್ದ.

ನಿಮ್ಮ ಪ್ರಶ್ನೆಯಲ್ಲಿರುವ ಎರಡು ಪಕ್ಷ ಆ ಊರಲ್ಲಿ ಇರಲೇ ಇಲ್ಲ. ಇದ್ದದ್ದು ಒಂದು ಅಸೂಯೆ. ತನಗಿಂತ ಹಿಂದಿನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಮೇಲಿನ ವ್ಯಾಖ್ಯಾನದಲ್ಲಿ ಗೇಲೆನ್ ಹೇಳುತ್ತಾನೆ: ಹದಿನೈದು ದಿನ ಏನೂ ಕುಡಿಯಬೇಡ ಅಂತ ದೇವರು ಹೇಳಿದರೆ ಪೆರ್ಗಮಾನ್‌ನ ರೋಗಿಗಳು ಪಾಲಿಸುತ್ತಾರೆ, ಅದನ್ನೇ ವೈದ್ಯ ಹೇಳಿದರೆ ಯಾರೂ ಕೇಳೋದಿಲ್ಲ. ರೋಗಿ ಯಾರ ಮಾತು ಕೇಳುತ್ತಾನೆ, ಯಾಕೆ ಕೇಳುತ್ತಾನೆ ಅನ್ನೋದರಿಂದ ಶುರು ಮಾಡಿ. ಗೈಡ್ ಒಪ್ಪದಿದ್ದರೆ ಈಗಲೇ ಗೈಡ್ ಬದಲಿಸಿ, ನೋಂದಣಿ ಮುಗಿದ ಮೇಲೆ ಬಿಡೋದಿಲ್ಲ.